ಮಿಕ್ಕಿದ್ದು ಮುಂದಿನ ಬೀಜಕ್ಕೆ

ಬಿತ್ತನೆ ಕಡಲೆಕಾಯಿಯನ್ನು ಸುಲಿಸಲು ಮಿಷನ್ನಿಗೆ ಹಾಕಿಸುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎಣ್ಣೆಗೆ ಬೇಕಾದರೆ ಹಾಕಿಸಿಕೊಳ್ಳಲಿ, ಬೇಡ ಅನ್ನುವವರು ಯಾರು? ಬಿತ್ತುವ ಬೀಜದ ಮೇಲಿನ ಕೆಂಪು ಸಿಪ್ಪೆ ಒಂಚೂರು ಕಿತ್ತರೂ ಅದು ಮಣ್ಣಿನಲ್ಲಿ ಕೊಳೆಯುತ್ತದೆಯೇ ಹೊರತು ಮೊಳೆಯುವುದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಬೀಜಕ್ಕೆ ಕೈಯೇ ಆಗಬೇಕು. ಮುಂಗಾರು ಇನ್ನೇನು ಬಂತು ಅನ್ನುವಾಗ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಹೆಂಗಸರೆಲ್ಲ ಕೂತು ಸುಲಿಯುತ್ತಾರೆ. ಕೈ ಆಡುತ್ತಿರುವಾಗ ಬಾಯಿ ಸುಮ್ಮನಿದ್ದರೆ ಮಧ್ಯಾಹ್ನ ಕಳೆಯುವುದಿಲ್ಲ. ಆ ಬಾಯಿಯ ಕೆಲಸವನ್ನು ನಮ್ಮೂರಲ್ಲಿ ಗುತ್ತಿಗೆ ಹಿಡಿದವಳು ಶಿವರುದ್ರಮ್ಮ. ಅವಳ ವಿಷಯವನ್ನೇ ಹೇಳಲು ಕೂತಿದ್ದೇನೆ.

ನಾನು ವನಜಾಕ್ಷಿ, ತೋವಿನಕೆರೆ ಕಡೆಯವಳು. ಗೌಡಗೆರೆ ಹೋಬಳಿಯ ಈ ಊರಿಗೆ ಸೊಸೆಯಾಗಿ ಬಂದಾಗ ನನಗೆ ಇಲ್ಲಿನ ನೀರೂ ಒಗ್ಗಲಿಲ್ಲ, ಅತ್ತೆಯೂ ಒಗ್ಗಲಿಲ್ಲ. ಬಾಯಿ ಜೋರು ಅಂತ ಅತ್ತೆ ಇರುವವರೆಗೂ ಬೈದರು. ಅವರು ಹೋದ ಮೇಲೆ ನಮ್ಮ ಯಜಮಾನರು ಆ ಕೆಲಸ ವಹಿಸಿಕೊಂಡಿದ್ದಾರೆ. ಇಂಥ ನನ್ನನ್ನು ಮೊದಲ ವರ್ಷವೇ ಬಾಯಿ ಮುಚ್ಚಿಸಿ ಕೂರಿಸಿದವಳು ಶಿವರುದ್ರಮ್ಮ.

"ಏನಮ್ಮ ಹೊಸ ಸೊಸೆ, ಕಾಯಿ ಸುಲೀತಿದೀಯೋ ಹೇನು ಕುಕ್ತಿದೀಯೋ? ಉಗುರು ಹಾಕ್ಬೇಡ, ಹೆಬ್ಬೆಟ್ಟಲ್ಲಿ ಒತ್ತು. ಕತೆ ಕೇಳ್ಕಂಡು ಹೂಂ ಅಂತಿರು, ಕೈ ತಾನೇ ಆಡ್ತದೆ" ಅಂದಳು. ಎಲ್ಲರೂ ನಕ್ಕರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಆದರೂ ಸಂಜೆಯೊಳಗೆ ನಾನು ಅವಳ ಪಕ್ಕಕ್ಕೇ ಸರಿದು ಕೂತಿದ್ದೆ.

ಉದ್ದನೆಯ, ಒಣಗಿದ ಮೈ. ಮುಂದಿನ ಹಲ್ಲೊಂದು ಇಲ್ಲ. ಗಂಡನ ಮನೆ ಪಾವಗಡದಾಚೆ, ಆಂಧ್ರದ ಗಡಿಯಲ್ಲಿತ್ತು. ಲಾರಿ ಕ್ಲೀನರ್ ಆಗಿದ್ದ ಗಂಡ ಮಕ್ಕಳಾಗುವ ಮೊದಲೇ ಕಾಮಾಲೆ ಬಂದು ಹೋಗಿಬಿಟ್ಟ. ಅಲ್ಲಿಂದ ಅವಳು ಹೊತ್ತು ತಂದದ್ದು ಒಂದು ಟ್ರಂಕು ಮತ್ತು ಬಾಯಿ ತುಂಬ ತೆಲುಗು. ಸಿಟ್ಟು ಬಂದರೆ ತೆಲುಗಿನಲ್ಲೇ ಬೈಗುಳ. ಕೋಳಿಗೂ "ಪೋವೇ, ಪೋ" ಅಂತಲೇ ಗದರುವುದು. ಅಪ್ಪನ ಹಳೇ ಮನೆಯಲ್ಲಿ ಒಂಟಿಯಾಗಿ ಇದ್ದುಕೊಂಡು, ಕೂಲಿಗೆ ಹೋಗಿ, ಯಾರ ಹಂಗಿಗೂ ಬೀಳದೆ ಬದುಕಿದಳು.

ಅವಳ ಹತ್ತಿರ ಚಿಲ್ಲರೆ ಕಥೆಗಳು ಬೇಕಾದಷ್ಟಿದ್ದವು. ಆದರೆ ಬೀಜದ ಕಾಲಕ್ಕೆ ಅಂತ ಇದ್ದದ್ದು ಒಂದೇ ಕಥೆ. ಇಬ್ಬರು ಅಣ್ಣತಮ್ಮಂದಿರು, ಇಬ್ಬರಿಗೂ ಸೇರಿ ಒಂದು ಬಾವಿ. ನೀರಿನ ಸರದಿಗೆ ಜಗಳವಾಗಿ ತಮ್ಮ ಬಾವಿಕಟ್ಟೆಯ ಮೇಲೆ ಮಚ್ಚು ಎತ್ತುತ್ತಾನೆ. ಅಣ್ಣನ ರುಮಾಲು ಕೆಂಪಾಗುತ್ತದೆ. ಅಣ್ಣನ ಹೆಂಡತಿ ತುಂಬು ಬಸುರಿ. ಅವಳು ಆ ರುಮಾಲನ್ನು ತೊಳೆಯದೆ ಕಾಳು ತುಂಬುವ ಮಣ್ಣಿನ ಗುಡಾಣದೊಳಗಿಟ್ಟು ಅದರ ಬಾಯಿಗೆ ಬಟ್ಟೆ ಬಿಗಿಯುತ್ತಾಳೆ. ಹುಟ್ಟಿದ ಮಗ "ನಮ್ಮಪ್ಪ ಎಲ್ಲವ್ವ?" ಅಂದಾಗಲೆಲ್ಲ "ಗುಡಾಣದಾಗವ್ನೆ ಕಣಪ್ಪ" ಅನ್ನುತ್ತಾಳೆ. ಮಗ ದೊಡ್ಡವನಾಗುತ್ತಾನೆ, ಗುಡಾಣ ಬಿಚ್ಚುತ್ತಾನೆ, ಅದೇ ಬಾವಿಯ ಕಲ್ಲಿಗೆ ಮಚ್ಚು ಮಸೆಯುತ್ತಾನೆ. ಊರೂರು ಅಲೆದು ಚಿಕ್ಕಪ್ಪನನ್ನು ಹಿಡಿದು, ಎದೆಯ ಮೇಲೆ ಕಾಲಿಟ್ಟು, ಮಚ್ಚು ಎತ್ತಿ ಕೇಳುತ್ತಾನೆ: "ಹೇಳು ಚಿಕ್ಕಪ್ಪ, ನಮ್ಮಪ್ಪನ ರುಮಾಲು ಯಾಕೆ ಕೆಂಪಾಯ್ತು?"

ಅಲ್ಲಿಗೆ ಬರುವ ಹೊತ್ತಿಗೆ ಚೀಲಗಳೆಲ್ಲ ಖಾಲಿಯಾಗಿ ಕೊನೆಯ ದಿನವಾಗಿರುತ್ತಿತ್ತು. ಶಿವರುದ್ರಮ್ಮ ಎದ್ದು ಸೆರಗು ಕೊಡವಿ, "ಮಿಕ್ಕಿದ್ದು ಮುಂದಿನ ಬೀಜಕ್ಕೆ" ಅನ್ನುವಳು. ಮುಂದಿನ ವರ್ಷ ಮತ್ತೆ ಮೊದಲಿನಿಂದ. ಮತ್ತೆ ಅದೇ ಮಚ್ಚು ಮೇಲೆ, ಅದೇ ಮಾತು, ಅವಳು ಎದ್ದು ಹೋಗುವುದು.

ಯಾಕೆ ಅಂದರೆ ಬೀಜದ ಮುಂದೆ ಸಾವಿನ ಮಾತು ಆಡುವಂತಿಲ್ಲ. ನಮ್ಮ ಕಡೆ ಇದನ್ನು ಯಾರೂ ಮೀರುವುದಿಲ್ಲ. ಬೀಜ ಕೇಳಿಸಿಕೊಳ್ಳುತ್ತದೆ, ಕೇಳಿಸಿಕೊಂಡರೆ ಮಣ್ಣಿಗೆ ಬೀಳಲು ಹೆದರುತ್ತದೆ ಅಂತ. ಅದಕ್ಕೇ ಅವಳ ಕಥೆಯಲ್ಲಿ ಯಾರೂ ಸತ್ತ ಅನ್ನುವ ಮಾತಿಲ್ಲ, ರುಮಾಲು ಕೆಂಪಾಯಿತು ಅಷ್ಟೇ. ಇನ್ನೊಂದು ಕಟ್ಟಳೆ ಕಥೆಯದು. ಹೇಳುವವರಿಗೆ ಒಬ್ಬರು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕಥೆ ನಿಲ್ಲಬೇಕು. ನಮ್ಮಲ್ಲಿ ಹೂಂಗುಟ್ಟುವುದಕ್ಕೆ ಎತ್ತಿದ ಕೈ ಅಮೀರುನ್ನೀಸಾ. ಅವಳ ಗಂಡನಿಗೆ ಬಸ್‌ಸ್ಟಾಂಡಿನಲ್ಲಿ ಪಂಕ್ಚರ್ ಅಂಗಡಿ. ಆದರೆ ಊಟವಾದ ಮೇಲೆ ಅವಳಿಗೆ ಜೋಂಪು ಹತ್ತುವುದು ಮಾತ್ರ ತಪ್ಪುತ್ತಿರಲಿಲ್ಲ.

ಮೊದಲ ವರ್ಷ ಕಥೆ ಅರ್ಧಕ್ಕೆ ನಿಂತಾಗ ನಾನು ಜಗಳಕ್ಕೇ ಹೋದೆ. "ಇದೇನಕ್ಕ ಇದು, ಅಷ್ಟು ದಿನ ಕೂರಿಸಿಕೊಂಡು ಮೋಸ! ಆ ಚಿಕ್ಕಪ್ಪ ಏನು ಹೇಳಿದ? ಇವನು ಕಡಿದನೋ ಬಿಟ್ಟನೋ?" ಅಂದೆ. ಅವಳು ಹೊರಟುಹೋದಳು. ಒಳಗೆ ಬಂದಾಗ ಅತ್ತೆ ನನ್ನ ಕೆನ್ನೆಗೆ ತಿವಿದು, "ಅದು ಕತೆ ಅಲ್ಲ ಕಣೇ ಕತ್ತೆ. ಅವಳಪ್ಪನ್ನ ಕಡಿದಿದ್ದೇ ಅಂಗೆ" ಅಂದರು.

ಅವಳ ಅಪ್ಪ ಸಣ್ಣರಂಗಯ್ಯ. ದಾಯಾದಿ ಚಿಕ್ಕನರಸಯ್ಯನ ಜೊತೆ ಪಾಲಿನ ಬಾವಿ. ವರಸೆಯಲ್ಲಿ ಅವನು ಇವಳಿಗೆ ಚಿಕ್ಕಪ್ಪನೇ ಆಗಬೇಕು. ಮುದ್ದೆ ಹೊತ್ತುಕೊಂಡು ತೋಟಕ್ಕೆ ಹೋದ ಎರಡನೇ ಕ್ಲಾಸಿನ ಹುಡುಗಿ ಶಿವರುದ್ರಿಯ ಕಣ್ಣೆದುರೇ ಅದು ನಡೆಯಿತು. ನೋಡಿದವಳು ಅವಳೊಬ್ಬಳೇ. ಕೋರ್ಟಿನಲ್ಲಿ ಸ್ಟೂಲಿನ ಮೇಲೆ ನಿಲ್ಲಿಸಿ, "ಯಾರಮ್ಮ ಹೊಡೆದದ್ದು? ಹೆದರಬೇಡ, ಹೇಳು" ಅಂದರಂತೆ. ಕಟಕಟೆಯಲ್ಲಿದ್ದ ಚಿಕ್ಕನರಸಯ್ಯ ಗಂಟಲು ಸರಿಮಾಡಿಕೊಂಡ. ಅಷ್ಟೇ. ಮಗುವಿನ ನಾಲಿಗೆ ಕಟ್ಟಿಹೋಯಿತು. ಎಷ್ಟು ಕೇಳಿದರೂ "ಗೊತ್ತಿಲ್ಲ" ಅಂದಳು. ಅವನು ಬಿಡುಗಡೆಯಾಗಿ ಬಂದು ಇದೇ ಊರಲ್ಲಿ ಸಂಸಾರ ಮಾಡಿದ. ಇವಳಮ್ಮ ಕೊರಗಿ ಕೊರಗಿ ಸತ್ತಳು. "ಒಂದು ಗಂಡಾದ್ರೂ ಇದ್ದಿದ್ರೆ ಸೇಡು ತೀರಿಸ್ಕಳೋನು, ಇದು ಬಾಯಿಲ್ಲದ ಮೂದೇವಿ" ಅಂತ ಊರವರು ಅವಳ ಎದುರಿಗೇ ಆಡಿಕೊಂಡರು. ಎಂಥ ಜನವೋ ಏನೋ, ಮಗುವಿನ ಮುಂದೆ ಆಡುವ ಮಾತೇ ಅದು?

ಆ ಬಾಯಿಲ್ಲದ ಹುಡುಗಿ ಬೆಳೆದು ಬಾಯಿಯನ್ನೇ ಬಂಡವಾಳ ಮಾಡಿಕೊಂಡಳು. ಕಥೆಯಲ್ಲಿ ಒಬ್ಬ ಮಗನನ್ನು ಹುಟ್ಟಿಸಿ, ಅವನ ಕೈಗೆ ಮಚ್ಚು ಕೊಟ್ಟಳು. "ಮಗಳು ಅಂತ ಯಾಕೆ ಇಡಲಿಲ್ಲಕ್ಕ?" ಅಂತ ನಾನೊಮ್ಮೆ ಕೇಳಿದ್ದಕ್ಕೆ, "ಹೆಣ್ಣುಡುಗಿ ಮಾತ್ನ ಯಾರ್ ನಂಬ್ತಾರೆ ಬುಡು" ಅಂದಿದ್ದಳು. ಊರಿನ ಮಕ್ಕಳೆಲ್ಲ ಆ ಕಥೆ ಕೇಳಿಯೇ ಬೆಳೆದರು. ಚಿಕ್ಕಪ್ಪ ಯಾರು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಕ್ಕನರಸಯ್ಯ ಬೀದಿಗೆ ಬಂದರೆ ಗೋಲಿ ಆಡುವ ಹುಡುಗರು ಆಟ ನಿಲ್ಲಿಸಿ ನೋಡುತ್ತಿದ್ದರು. ಬರಬರುತ್ತಾ ಅವನು ಬೀದಿಗೆ ಬರುವುದನ್ನೇ ಬಿಟ್ಟ.

ಇಷ್ಟಾಗಿ ಅವನ ಮನೆ ಎಲ್ಲಿ ಅಂತೀರಿ? ನಮ್ಮ ಹಿತ್ತಲಿಗೆ ಅಂಟಿಕೊಂಡೇ. ನಮ್ಮ ಚಪ್ಪರಕ್ಕೂ ಅವನ ಕೋಣೆಗೂ ನಡುವೆ ಒಂದು ಮಣ್ಣಿನ ಗೋಡೆ, ಮೇಲೆ ಗವಾಕ್ಷಿಯಷ್ಟು ಒಂದು ತೂತು. ಶಿವರುದ್ರಮ್ಮ ಪ್ರತಿವರ್ಷ ಆ ಗೋಡೆಗೇ ಬೆನ್ನು ಕೊಟ್ಟು ಕೂರುತ್ತಿದ್ದಳು. ತಂಪಿಗೆ ಅಂತ ನಾನು ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಕೆಟ್ಟ ಬಿಸಿಲು. ಅಮೀರುನ್ನೀಸಾ ಗೋಣು ಜೋತುಬಿಟ್ಟಿದ್ದಳು. ಉಳಿದವರೂ ತೂಕಡಿಸುತ್ತಿದ್ದರು. ನಾನು ನೀರು ತರಲು ಎದ್ದಿದ್ದೆ. ತಾಯಿ ಗುಡಾಣದ ಬಾಯಿಗೆ ಬಟ್ಟೆ ಕಟ್ಟುವ ಜಾಗಕ್ಕೆ ಕಥೆ ಬಂದು ನಿಂತಿತು. ಹೂಂ ಅನ್ನುವವರಿಲ್ಲ. ಶಿವರುದ್ರಮ್ಮ ಕಾದಳು. ಆಗ ಗೋಡೆಯ ಆಚೆಯಿಂದ "ಹೂಂ" ಅಂತ ಬಂತು. ಮುದುಕನ ದನಿ. ಅವಳು ಕಥೆ ಮುಂದುವರಿಸಿದಳು.

ಸಂಜೆ ಅವಳನ್ನು ತಡೆದು ಕೇಳಿದೆ. "ಗೊತ್ತು ಕಣಮ್ಮ. ಎಷ್ಟೋ ವರ್ಸದಿಂದ ಗೊತ್ತು. ಅಂಗೇ ಕೇಳ್ಕಂಡ್ ಬಿದ್ದಿರ್ಲಿ. ಮಚ್ಚು ಮೇಲೇ ಇರ್ಲಿ, ಬೀಳೋದೂ ಬ್ಯಾಡ, ಇಳಿಯೋದೂ ಬ್ಯಾಡ" ಅಂದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನಗೆ ಅವಳ ಮೇಲೆ ಮೊದಲ ಸಲ ಹೆದರಿಕೆಯಾಯಿತು.

ಹೋದ ವರ್ಷ ಚಿಕ್ಕನರಸಯ್ಯ ಹಾಸಿಗೆ ಹಿಡಿದ. ಬಿತ್ತನೆಯೆಲ್ಲ ಮುಗಿದಿತ್ತು. ಅವನ ಮಗಳು ರಾಜಲಕ್ಷ್ಮಮ್ಮ ಮಧುಗಿರಿಯಿಂದ ಬಂದು ನೋಡಿಕೊಳ್ಳುತ್ತಿದ್ದಳು. ಒಂದು ಬೆಳಗ್ಗೆ ನಮ್ಮ ಹಿತ್ತಲಿಗೆ ಬಂದು ಅಳುತ್ತಾ ನಿಂತಳು.

"ಒಂದು ಗುಟುಕು ಗಂಜಿ ಇಳೀತಿಲ್ಲ ವನಜಕ್ಕ. ಪ್ರಾಣಾನೂ ಹೋಗ್ತಿಲ್ಲ. ರುದ್ರಿನ ಕರೀರಿ, ಕತೆ ಮುಗ್ಸೋಕ್ ಹೇಳ್ರಿ, ನಾನು ಹೇಳೋದೈತೆ, ಅಂತ ಒಂದೇ ಸಮ."

ನನಗೆ ರೇಗಿಹೋಯಿತು. "ಹೇಳೋದಿದ್ದರೆ ಇಷ್ಟು ವರ್ಷ ಏನು ಮಾಡುತ್ತಿದ್ದ ನಿಮ್ಮಪ್ಪ? ಬಾಯಲ್ಲಿ ಕಡುಬು ಇತ್ತೇ?" ಅಂದುಬಿಟ್ಟೆ.

ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. "ರುದ್ರಿ ಅವ್ವ ಹೋದಾಗ ಅಪ್ಪ ಒಂದು ಮೂಟೆ ಅಕ್ಕಿ ಕಳ್ಸಿದ್ರು. ಬೀದಿಗೆ ಚೆಲ್ಲಿದ್ಳು. ಆಮೇಲೆ ಧೈರ್ಯ ಬರ್ಲಿಲ್ಲ. ಬೀಜದ ಕಾಲ ಬಂದ್ರೆ ಮಂಚಾನ ಗೋಡೆ ಪಕ್ಕ ಎಳಸ್ಕಂಡು ಮಲಗೋರು. ನಮ್ಮನ್ನ ಉಸುರು ಬಿಡೋಕೆ ಬಿಡ್ತಿರ್ಲಿಲ್ಲ. ನಾನು ಹುಟ್ಟಿದಾಗಿಂದ ಕೊಲೆಗಾರನ ಮಗಳು ಅನ್ನಿಸ್ಕಂಡೇ ಬೆಳ್ದೆ ಕಣಕ್ಕ. ಯಾಕೆ ಕಡಿದ್ರು ಅಂತ ನಂಗೂ ಒಂದಿನಾನೂ ಹೇಳಿಲ್ಲ. ಅವಳಿಗೇ ಹೇಳ್ಬೇಕಂತೆ" ಅಂದಳು. ಅವಳದ್ದಾದರೂ ಏನು ತಪ್ಪು?

ಶಿವರುದ್ರಮ್ಮನ ಮನೆಗೆ ಹೋಗಿ ಹೇಳಿದೆ. ಅವಳು ಸೌದೆ ಸೀಳುತ್ತಿದ್ದವಳು ನಿಲ್ಲಿಸಲೇ ಇಲ್ಲ. ನಾನೂ ಬಿಡುವವಳಲ್ಲ. "ಅಕ್ಕಾ, ನಿನಗೂ ತಿಳಿಯಬೇಡವೇ? ಕಥೆಯಲ್ಲಿ ವರ್ಷ ವರ್ಷ ಅದನ್ನೇ ತಾನೇ ಕೇಳುತ್ತಿರುವುದು ನೀನು? ಅವನು ಹೇಳುತ್ತೇನೆ ಅಂತಿದ್ದಾನೆ. ಬೀಜದ ನೆಪವೂ ಇಲ್ಲ. ಆ ಮನೆಯಲ್ಲಿ ಒಂದು ಕಾಳು ಕಡಲೆ ಇಲ್ಲ" ಅಂದೆ. ಕೊಡಲಿ ಒಂದು ಗಳಿಗೆ ನಿಂತಿತು. "ಓಗಮ್ಮ, ನಿನ್ ಕೆಲಸ ನೋಡ್ಕ" ಅಂದಳು.

ಮಾರನೆಯ ದಿನ ತಾನೇ ಬಂದಳು. ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟಿದ್ದಳು. ಸೆರಗಿನ ತುದಿಯಲ್ಲಿ ಒಂದು ಗಂಟು. ಎಲೆ ಅಡಿಕೆ ಅಂದುಕೊಂಡೆ. "ನಡಿ" ಅಂದಳು. ದಾರಿಯಲ್ಲಿ ಜನ ಬಾಗಿಲಿಗೆ ಬಂದು ನಿಂತು ನೋಡಿದರು. ಅಪ್ಪ ಹೋದಾಗಿನಿಂದ ಅವಳು ಆ ಓಣಿಗೆ ಕಾಲಿಟ್ಟಿರಲಿಲ್ಲ.

ಮುದುಕ ಎಲುಬಿನ ಗೂಡಾಗಿದ್ದ. ಕಣ್ಣು ಮಾತ್ರ ಬದುಕಿತ್ತು. ಅವಳು ಮಂಚದ ಎದುರು ನೆಲದ ಮೇಲೆ ಕೂತಳು. ಹೇಗಿದ್ದೀಯ ಅನ್ನಲಿಲ್ಲ. ನೇರವಾಗಿ ಕಥೆ ಶುರುಮಾಡಿದಳು. "ಇಬ್ರು ಅಣ್ಣತಮ್ದೀರು. ಇಬ್ರಿಗೂ ಸೇರಿ ಒಂದು ಬಾವಿ."

"ಹೂಂ" ಅಂದ.

ನಾನೂ ರಾಜಲಕ್ಷ್ಮಮ್ಮನೂ ಬಾಗಿಲಲ್ಲಿ ನಿಂತಿದ್ದೆವು. ಅವಳು ಒಂದನ್ನೂ ಬಿಡಲಿಲ್ಲ. ಬಾವಿಕಟ್ಟೆ, ರುಮಾಲು, ಗುಡಾಣ, ಮಗನ ಪ್ರಶ್ನೆ, ಮಚ್ಚು ಮಸೆದದ್ದು. ಅವನು ಎಲ್ಲಿ ಹೂಂ ಅನ್ನಬೇಕೋ ಅಲ್ಲೇ ಅಂದ, ಎಲ್ಲಿಯೂ ತಪ್ಪಲಿಲ್ಲ. ಅಮೀರುನ್ನೀಸಾಳಿಗೂ ಅಷ್ಟು ಚೆನ್ನಾಗಿ ಬರುವುದಿಲ್ಲ. ಇಬ್ಬರೂ ಒಟ್ಟಿಗೆ ಒಂದು ಭಾರ ಎತ್ತಿ ನಡೆಯುತ್ತಿರುವ ಹಾಗಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಇನ್ನೇನು, ಇವತ್ತು ಇಬ್ಬರಿಗೂ ಬಿಡುಗಡೆ ಅಂದುಕೊಂಡೆ.

"ಎದೆ ಮ್ಯಾಲೆ ಕಾಲಿಟ್ಟ. ಮಚ್ಚು ಎತ್ತಿದ. ಹೇಳು ಚಿಕ್ಕಪ್ಪ..." ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು: "ಹೇಳು ಚಿಕ್ಕಪ್ಪ, ನಮ್ಮಪ್ಪನ ರುಮಾಲು ಯಾಕೆ ಕೆಂಪಾಯ್ತು?"

ಅವನು ಹೂಂ ಅನ್ನಲಿಲ್ಲ. ತುಟಿ ಅದುರಿತು. ಮಗಳು ಓಡಿಹೋಗಿ ತಲೆ ಎತ್ತಿ ಹಿಡಿದಳು. "ರುದ್ರೀ... ಅವತ್ತು... ನಿಮ್ಮಪ್ಪ..." ಅಂದ.

ಶಿವರುದ್ರಮ್ಮ ಸೆರಗಿನ ಗಂಟು ಬಿಚ್ಚಿ ನೆಲದ ಮೇಲೆ ಸುರಿದಳು. ಕಡಲೆ ಬೀಜ. ಒಂದು ಹಿಡಿ. ಕೆಂಪು ಸಿಪ್ಪೆ ಎಲ್ಲೂ ಕೀಳದ, ಆರಿಸಿದ ಬಿತ್ತನೆ ಬೀಜ.

"ಬೀಜ ಐತೆ ಮುಂದೆ" ಅಂದಳು. "ಸಾವಿನ ಮಾತು ಆಡ್ಬೇಡ. ಮಿಕ್ಕಿದ್ದು ಮುಂದಿನ ಬೀಜಕ್ಕೆ."

ಅವನು ಬೀಜವನ್ನು ನೋಡಿದ. ಹುಟ್ಟಾ ಬೇಸಾಯದವನು. ತೆರೆದ ಬಾಯಿಯನ್ನು ಮುಚ್ಚಿಕೊಂಡ. ಎಷ್ಟೋ ಹೊತ್ತಾದ ಮೇಲೆ, "ಹೂಂ" ಅಂದ. ಅವಳು ಎದ್ದು ಹೊರಗೆ ನಡೆದಳು.

"ಅಪ್ಪಾ, ಹೇಳಪ್ಪಾ, ಪರ್ವಾಗಿಲ್ಲ ಹೇಳಪ್ಪಾ" ಅಂತ ರಾಜಲಕ್ಷ್ಮಮ್ಮ ಗೋಳಾಡುತ್ತಾ ಬೀಜವನ್ನೆಲ್ಲ ಆಯ್ದು ಹೊರಗೆ ಇಟ್ಟಳು. ಅವನು ಬಾಯಿ ಬಿಡಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಆ ವಾರ ದಾಟಲಿಲ್ಲ.

ನಾನು ಓಣಿಯಲ್ಲಿ ಅವಳ ಹಿಂದೆ ಓಡಿದ್ದೆ. ಕೈ ಹಿಡಿದು ಜಗ್ಗಿ, "ನೀನೇನು ಹೆಂಗಸೋ ರಾಕ್ಷಸಿಯೋ? ಸಾಯುವವನ ಬಾಯಿ ಮುಚ್ಚಿಸಿದೆಯಲ್ಲ!" ಅಂತ ಕೂಗಿದೆ. ಅವಳು ಕೈ ಬಿಡಿಸಿಕೊಂಡಳು. "ಕೋರ್ಟಲ್ಲಿ ನನ್ ಬಾಯೂ ಇಂಗೇ ಕಟ್ಟಿತ್ತು ಕಣಮ್ಮ. ನಾಲಿಗೆ ತುದೀಲಿತ್ತು, ಹೊರಗೆ ಬರ್ಲಿಲ್ಲ. ಅದು ಹೆಂಗಿರ್ತದೆ ಅಂತ ಅವ್ನಿಗೂ ಗೊತ್ತಾಗ್ಲಿ" ಅಂದಳು. ಬೆನ್ನು ನೆಟ್ಟಗೆ ಮಾಡಿಕೊಂಡು ಮನೆಗೆ ನಡೆದಳು. ಸೇಡು ಅಂದರೆ ಅದೇ ಇರಬೇಕು. ಎಲ್ಲೂ ಒಂದು ಹನಿ ರಕ್ತ ಬೀಳಲಿಲ್ಲ. ನಾನು ಅವಳ ಜೊತೆ ಮಾತು ಬಿಟ್ಟೆ.

ಈ ವರ್ಷ ಬೀಜದ ಕಾಲ ಬಂದಾಗ ಕರೆಯುವುದೋ ಬೇಡವೋ ಅಂತ ನಾನು ಹೊಯ್ದಾಡುತ್ತಿದ್ದೆ. ಅವಳೇ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತಳು. ಇಳಿದುಹೋಗಿದ್ದಳು. ಚಿಲ್ಲರೆ ಕಥೆಗಳನ್ನೇ ಹೇಳುತ್ತಾ ದಿನ ತಳ್ಳಿದಳು. ಗೋಡೆಯ ಆಚೆ ಬೀಗ. ರಾಜಲಕ್ಷ್ಮಮ್ಮ ಮಧುಗಿರಿಗೆ ಹೋಗಿಬಿಟ್ಟಿದ್ದಳು.

ಕೊನೆಯ ದಿನ ಅಮೀರುನ್ನೀಸಾ ಹಟ ಹಿಡಿದಳು. "ಅರೆ, ಈ ಸಲ ಆ ಕತೆ ಮುಗಿಸಿಬುಡೇ ರುದ್ರಕ್ಕ. ನನ್ಗೂ ವಯಸ್ಸಾಯ್ತು. ಇನ್ನೆಷ್ಟು ಸಲ ಹೂಂ ಅನ್ಲಿ? ಆ ಚಿಕ್ಕಪ್ಪ ಏನಂದ ಅಂತ ತಿಳ್ಕಳ್ದೆ ಇವತ್ತು ಏಳಲ್ಲ." ಎಲ್ಲರೂ ದನಿಗೂಡಿಸಿದರು. ಬೀಜವಿದೆ ಅನ್ನಬಾರದು ಅಂತ ತಾವೇ ಚೀಲಗಳನ್ನು ಒಳಗೆ ಸಾಗಿಸಿದರು, ಚಪ್ಪರದ ಕೆಳಗೆ ಗುಡಿಸಿದರು, ಸಿಪ್ಪೆಯ ಗುಡ್ಡೆಯಲ್ಲಿ ತಡಕಿ ಒಂದೊಂದು ಕಾಳನ್ನೂ ಆಯ್ದು ಒಳಗಿಟ್ಟರು. ನಾನೂ ಆಯ್ದೆ. ನನಗೂ ಕೇಳಬೇಕಾಗಿತ್ತು.

ಅವಳು ಹೇಳಿದಳು. ಹೆಂಗಸರೆಲ್ಲ ಒಟ್ಟಿಗೆ ಹೂಂಗುಟ್ಟಿದರು, ಒಬ್ಬರೂ ತೂಕಡಿಸಲಿಲ್ಲ. ಆದರೂ ಪ್ರತಿ ಹೂಂ ಆದ ಮೇಲೆ ಅವಳು ಒಂದು ಗಳಿಗೆ ನಿಲ್ಲುತ್ತಿದ್ದಳು. ಇನ್ನೊಂದಕ್ಕೆ ಕಾಯುತ್ತಿದ್ದಾಳೆ ಅಂತ ಗೊತ್ತಾದದ್ದು ನನಗೊಬ್ಬಳಿಗೆ. ನಡುವೆ ಯಾವಾಗಲೋ ತಿರುಗಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಹೇಳು ಚಿಕ್ಕಪ್ಪ, ನಮ್ಮಪ್ಪನ ರುಮಾಲು ಯಾಕೆ ಕೆಂಪಾಯ್ತು?"

"ಹೂಂ" ಅಂದರು ಎಲ್ಲರೂ.

ತಗಡಿನ ಮೇಲೆ ಕಾಗೆ ನಡೆದಾಡುವುದು ಕೇಳಿಸುತ್ತಿತ್ತು.

"ಏನಂದ್ನೇ? ಹೇಳೇ ರುದ್ರಕ್ಕ" ಅಂದಳು ಅಮೀರುನ್ನೀಸಾ.

"ಗೊತ್ತಿಲ್ಲ" ಅಂದಳು ಶಿವರುದ್ರಮ್ಮ. ಮುದುಕಿಯ ದನಿಯಾಗಿರಲಿಲ್ಲ ಅದು. ಸ್ಟೂಲಿನ ಮೇಲೆ ನಿಲ್ಲಿಸಿದ ಮಗು ಅದೇ ದನಿಯಲ್ಲಿ ಅಂದಿರಬೇಕು. "ಗೊತ್ತಿಲ್ಲ ಕಣ್ರೇ. ಹೇಳೋಕ್ ಬಂದಿದ್ದ. ನಾನೇ ಬುಡಲಿಲ್ಲ."

ಆಮೇಲೆ ಗೋಡೆಗೆ ಹಣೆ ಒತ್ತಿಕೊಂಡು ಅತ್ತಳು. ಯಾರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಅಮೀರುನ್ನೀಸಾ ಮಾತ್ರ ಅವಳ ಬೆನ್ನಿನ ಮೇಲೆ ಕೈಯಿಟ್ಟು, ಅವಳು ಅಳುತ್ತಿರುವವರೆಗೂ ಮೆಲ್ಲಗೆ ಹೂಂ, ಹೂಂ ಅನ್ನುತ್ತಾ ಕೂತಿದ್ದಳು.